2035ರ ಕರೆಂಟಿನ ಲೆಕ್ಕವನ್ನು ಹಂಚಿಕೊಳ್ಳೋದು ಹೇಗೆ? ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಒಂದು ಹೋಲಿಕೆ

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯ ಒಂದು ಜೀನ್ಸ್ ವಾಷಿಂಗ್ ಯೂನಿಟ್‌ಗೆ ನಾನೂ ಕೊಪ್ಪಳದ ನನ್ನ ಗೆಳೆಯನೂ ಸೇರಿ ಒಂದು ಲೆಕ್ಕ ಮಾಡಿಕೊಟ್ಟೆವು. ಒಂದು ಪ್ಯಾಂಟ್ ತೊಳೆದು ಒಣಗಿಸೋದಕ್ಕೆ ಇವತ್ತು ಎಷ್ಟು ಕಾರ್ಬನ್, 2035ರಲ್ಲಿ ಎಷ್ಟು ಅಂತ. ಅವನು ತನ್ನ ಶೀಟ್ ಮಾಡಿದ, ನಾನು ನನ್ನದು ಮಾಡಿದೆ. ಇವತ್ತಿನ ಅಂಕಿ ಎರಡರಲ್ಲೂ ಹೆಚ್ಚೂಕಡಿಮೆ ಒಂದೇ ಬಂತು. 2035ರ ಕರೆಂಟಿನ ಪಾಲು ಮಾತ್ರ ಅವನ ಶೀಟಿನಲ್ಲಿ ಕಾಲು ಭಾಗ ಕಡಿಮೆ. ಯಜಮಾನರು ಎರಡೂ ಹಾಳೆಯನ್ನು ಇಸ್ತ್ರಿ ಟೇಬಲ್ ಮೇಲೆ ಪಕ್ಕಪಕ್ಕ ಹರವಿದರು. ಅವರ ಬೆರಳಿನ ನೀಲಿ ಬಣ್ಣ ಹಾಳೆಗೂ ಹತ್ತಿತು. "ಎರಡೂ ನಮ್ ಪ್ಯಾಂಟೇ ಹೌದಲ್ರೀ ಸರ?" ಅಂದರು.

ಮನೆಗೆ ಬಂದು ಹುಡುಕಿದೆವು. ಇಡೀ ಸಂಜೆ ಹೋಯಿತು. ಕೊನೆಗೆ ತಪ್ಪು ಸಿಕ್ಕಿದ್ದು ಅವನ ಶೀಟಿನ ಒಂದೇ ಒಂದು ಸೆಲ್‌ನಲ್ಲಿ. ಅದರಲ್ಲಿ 0.5 ಅಂತ ಇತ್ತು. 2030ರೊಳಗೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಶೇ 50ರಷ್ಟು ಕಲ್ಲಿದ್ದಲು, ಗ್ಯಾಸ್, ಎಣ್ಣೆ ಅಲ್ಲದ ಮೂಲಗಳದ್ದಾಗಿರಬೇಕು ಅನ್ನೋದು ಭಾರತ 2022ರಲ್ಲಿ ಹೇಳಿದ ಗುರಿ. ಗೆಳೆಯ ಅದನ್ನು "ಅರ್ಧ ಕರೆಂಟು" ಅಂತ ಓದಿದ್ದ. ಆ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಆದರೂ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ಕಲ್ಲಿದ್ದಲಿನ ಪಾಲು ಶೇ 70ರ ಆಸುಪಾಸಿನಲ್ಲೇ ಇದೆ. ಕುಷ್ಟಗಿ ಕಡೆಯ ಗಾಳಿಯಂತ್ರದ ಸಾಮರ್ಥ್ಯ ಎರಡು ಮೆಗಾವಾಟ್ ಇರಬಹುದು, ಆದರೆ ಗಾಳಿ ಬಿದ್ದ ದಿನ ಅದು ಸುಮ್ನೆ ನಿಂತಿರುತ್ತದೆ. ಸಾಮರ್ಥ್ಯ ಬೇರೆ, ಯೂನಿಟ್ ಬೇರೆ.

ಗೆಳೆಯ ದಡ್ಡನಲ್ಲ. ಆ ಸೆಲ್‌ನ ಪಕ್ಕ ಎರಡು ಪದ ಬರೆದಿದ್ದರೆ ನಾನು ಮೊದಲ ದಿನವೇ ಹಿಡಿಯುತ್ತಿದ್ದೆ. ಆಮೇಲೆ ಈ ಕಥೆ ಹೇಳಿದಲ್ಲೆಲ್ಲ ಒಂದೇ ಪ್ರಶ್ನೆ ಬಂತು. ರಾಯಚೂರಿನ ಎಂ.ಟೆಕ್ ಹುಡುಗಿಯೊಬ್ಬಳು ಕೇಳಿದಳು, ತೋರಣಗಲ್ಲು ಕಡೆಯ ಎಂಜಿನಿಯರ್ ಒಬ್ಬರು ಕೇಳಿದರು, ಗಂಗಾವತಿಯ ರೈಸ್‌ಮಿಲ್‌ನವರು ಕೇಳಿದರು. ಮುಂದಿನ ವರ್ಷಗಳ ಅಂಕಿಯನ್ನು ಎಲ್ಲರೂ ಸೇರಿ ಇಟ್ಟುಕೊಳ್ಳೋದಕ್ಕೆ ಯಾವ ಸಾಧನ ಒಳ್ಳೆಯದು? ಎಕ್ಸೆಲ್ ಸಾಕಾ, ಪೈಥಾನ್‌ನಲ್ಲಿ ಕೋಡ್ ಬರೆಯೋದು ಕಲೀಬೇಕಾ, ದುಡ್ಡು ಕೊಟ್ಟು ತಗೋಬೇಕಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ವಸ್ತು ಹುಟ್ಟಿದಲ್ಲಿಂದ ಕಸಕ್ಕೆ ಹೋಗುವತನಕ ಪರಿಸರಕ್ಕೆ ಎಷ್ಟು ಭಾರ ಅಂತ ಕೂಡೋದು ಎಲ್‌ಸಿಎ, ಅಂದರೆ ಲೈಫ್ ಸೈಕಲ್ ಅಸೆಸ್‌ಮೆಂಟ್. ಐಎಸ್‌ಒ 14040 ಮತ್ತು 14044 ಅದರ ನಿಯಮದ ಪುಸ್ತಕಗಳು. ನಮ್ಮ ಯೂನಿಟ್‌ನೊಳಗೆ ನಡೆಯೋದು ಮುನ್ನೆಲೆ. ನಾವು ಕೊಳ್ಳುವ ಕರೆಂಟು, ಉಕ್ಕು, ಸಿಮೆಂಟು, ಲಾರಿ ಬಾಡಿಗೆ ಎಲ್ಲ ಹಿನ್ನೆಲೆ. ಇವತ್ತಿನ ಹಿನ್ನೆಲೆಯನ್ನೇ ಹತ್ತು ವರ್ಷ ಮುಂದಿನ ವಸ್ತುವಿಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಹಿನ್ನೆಲೆಯನ್ನೂ ಮುಂದಕ್ಕೆ ಒಯ್ಯಬೇಕು. ಇದು ಮುನ್ನೋಟದ ಎಲ್‌ಸಿಎ. ಆ "ಮುಂದೆ" ಹೇಗಿರಬಹುದು ಅನ್ನುವ ಒಂದೊಂದು ಚಿತ್ರವೂ ಒಂದು ಸನ್ನಿವೇಶ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಉತ್ತರ ನಿಜವಾಗಿಯೂ ಮುಂದಿನ ಹಿನ್ನೆಲೆಯ ಮೇಲೆ ನಿಂತಿದೆಯಾ? ಎಷ್ಟೋ ಜನ ಇದನ್ನು ಕೇಳದೆ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಲು ಕೂರುತ್ತಾರೆ.

ಗಂಗಾವತಿ, ಸಿಂಧನೂರು ಕಡೆಯ ಭತ್ತವನ್ನೇ ನೋಡಿ. ನೀರು ನಿಂತ ಗದ್ದೆಯಿಂದ ಮೀಥೇನ್ ಬರುತ್ತದೆ. ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ತಜ್ಞರ ಮಂಡಳಿ ಐಪಿಸಿಸಿಯ 2019ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾಕ್ಕೆ ಕೊಟ್ಟ ಮೂಲ ಅಂಕಿ ಹೆಕ್ಟೇರಿಗೆ ದಿನಕ್ಕೆ 0.85 ಕೆಜಿ ಮೀಥೇನ್. 120 ದಿನದ ಬೆಳೆ, ಪೂರ್ತಿ ನೀರು ನಿಲ್ಲಿಸಿದ್ದು, ಕೊಟ್ಟಿಗೆ ಗೊಬ್ಬರ ಇಲ್ಲ ಅಂತ ಇಟ್ಟುಕೊಂಡರೆ 102 ಕೆಜಿ. ಒಂದು ಕೆಜಿ ಮೀಥೇನ್‌ಗೆ 27 ಕೆಜಿ ಕಾರ್ಬನ್ ಡೈಆಕ್ಸೈಡ್ ಸಮ ಅಂತ ಹಿಡಿದರೆ 2,750 ಕೆಜಿ ಹತ್ತಿರ. ಇಳುವರಿ ಹೆಕ್ಟೇರಿಗೆ 6 ಟನ್ ಅಂತ ಇಟ್ಟುಕೊಳ್ಳಿ. ಕೆಜಿ ಭತ್ತಕ್ಕೆ 0.46 ಕೆಜಿ. ಅದೇ ಗದ್ದೆಯನ್ನು ನಡುನಡುವೆ ಹಲವು ಸಲ ಆರಿಸಿದರೆ ಅದೇ ಮಾರ್ಗಸೂಚಿ 0.55ರಿಂದ ಗುಣಿಸಿ ಅನ್ನುತ್ತದೆ. ಆಗ ಕೆಜಿಗೆ 0.25 ಕೆಜಿ.

ಈಗ ಮಿಲ್ಲಿಗೆ ಬನ್ನಿ. ಒಂದು ಟನ್ ಭತ್ತಕ್ಕೆ 40 ಯೂನಿಟ್ ಕರೆಂಟು ಅಂತ ಒಂದು ಅಂದಾಜು ಇಟ್ಟುಕೊಳ್ಳಿ. ಯೂನಿಟ್‌ಗೆ ಸುಮಾರು 0.7 ಕೆಜಿ ಅಂದರೂ ಕೆಜಿ ಭತ್ತಕ್ಕೆ 0.028 ಕೆಜಿ ಆಯಿತು. 2040ರಲ್ಲಿ ಗ್ರಿಡ್ ಅರ್ಧ ಸ್ವಚ್ಛವಾದರೆ ಉಳಿತಾಯ 0.014 ಕೆಜಿ. ಗದ್ದೆ ಆರಿಸಿದರೆ ಉಳಿತಾಯ 0.21 ಕೆಜಿ. ಹದಿನೈದು ಪಟ್ಟು. ಭತ್ತದ ಲೆಕ್ಕ ಮಾಡುವವರು ಜಾಗತಿಕ ಮಾದರಿಯ ಗ್ರಿಡ್ ಫೈಲಿಗೆ ತಿಂಗಳು ಕಳೆಯೋದಕ್ಕಿಂತ, ಕಾಲುವೆಯ ಕೊನೆಭಾಗದಲ್ಲಿ ನಾಟಿ ಬಿಟ್ಟು ಕೂರಿಗೆ ಹಿಡಿದು ನೀರು ನಿಲ್ಲಿಸದೆ ಬಿತ್ತುವವರು ಎಷ್ಟು ಜನ, ಮುಂದೆ ಎಷ್ಟಾಗಬಹುದು ಅನ್ನುವ ಸನ್ನಿವೇಶ ಕಟ್ಟೋದು ಮೇಲು. ಅದನ್ನು ನಿಮಗಾಗಿ ಬೇರೆ ಯಾರೂ ಕಟ್ಟಿಡುವುದಿಲ್ಲ.

ಈ ಪ್ರಶ್ನೆ ದಾಟಿದ ಮೇಲೆ ಉಳಿದ ಅಳತೆಗಳು. ಲೈಸೆನ್ಸ್ ಒಂದು. ಹಿನ್ನೆಲೆಯ ಅಂಕಿಗಳಿಗೆ ಹೆಚ್ಚು ಬಳಕೆಯಲ್ಲಿರುವ ಎಕೋಇನ್ವೆಂಟ್ ಸ್ವಿಟ್ಜರ್ಲೆಂಡಿನ ದತ್ತಾಂಶ ಕೋಶ. ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು, ತಗೊಂಡ ಮೇಲೂ ಇಡೀ ಕೋಶವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಎರಡನೆಯದು, ಊಹೆ ಕಣ್ಣಿಗೆ ಕಾಣಬೇಕು. ಯಾವ ಅಂಕಿ ಬದಲಾಯಿತು, ಯಾರು ಬದಲಿಸಿದರು, ಯಾಕೆ. ಮೂರನೆಯದು, ನಮ್ಮ ಊರು ಆ ಲೆಕ್ಕದಲ್ಲಿ ಕಾಣುತ್ತದಾ ಅಥವಾ "ಭಾರತ" ಅನ್ನುವ ಒಂದು ಚುಕ್ಕೆಯಲ್ಲಿ ಮುಳುಗುತ್ತದಾ. ನಾಲ್ಕನೆಯದು ಲ್ಯಾಪ್‌ಟಾಪ್ ಮತ್ತು ಮನುಷ್ಯ. ಗುಂಪಿನಲ್ಲಿ ಕೋಡ್ ಬರೆಯುವವರು ಎಷ್ಟು ಜನ, ಎಷ್ಟು ಜಿಬಿ ರ‍್ಯಾಮ್. ಕೊನೆಯದು ಎಲ್ಲರೂ ಮರೆಯುವಂಥದ್ದು: ಎರಡು ವರ್ಷ ಬಿಟ್ಟು ಅದೇ ಫೈಲ್ ಓಡಿಸಿದರೆ ಅದೇ ಉತ್ತರ ಬರುತ್ತದಾ?

ಎಕ್ಸೆಲ್ ಶೀಟ್

ಇದನ್ನು ಬೈಯೋದು ಸುಲಭ. ನಾನು ಬೈಯಲ್ಲ. ಹೊಸದಾಗಿ ಖರ್ಚಿಲ್ಲ, ಎಲ್ಲರಿಗೂ ಬರುತ್ತದೆ, ಯಜಮಾನರು ಕೂಡ ತೆರೆದು ನೋಡುತ್ತಾರೆ. ಬದಲಾಗುವ ಅಂಕಿ ಹತ್ತರ ಒಳಗಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಗ್ರಿಡ್‌ನ ಕಾರ್ಬನ್ ಅಂಕಿ ಪ್ರಕಟಿಸುತ್ತದೆ, ಯೂನಿಟ್‌ಗೆ 0.7 ಕೆಜಿಯ ಸುತ್ತಮುತ್ತ. ಅಲ್ಲಿಂದ ಶುರು ಮಾಡಿ 2030, 2035, 2040ಕ್ಕೆ ಒಂದೊಂದು ಕಾಲಮ್ ಹಾಕಬಹುದು. ಒಂದು ಎಚ್ಚರ ಬೇಕು: ಅದು ವಿದ್ಯುತ್ ಕೇಂದ್ರದಲ್ಲಿ ಉರಿದ ಇಂಧನದ ಅಂಕಿ ಮಾತ್ರ. ಕಲ್ಲಿದ್ದಲು ಅಗೆದದ್ದು, ರೈಲಿನಲ್ಲಿ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ (ಆರ್‌ಟಿಪಿಎಸ್) ತಂದದ್ದು, ತಂತಿಯಲ್ಲಿ ಸೋರಿದ್ದು ಅದರಲ್ಲಿಲ್ಲ. ಎಲ್‌ಸಿಎ ಕೋಶದ ಅಂಕಿ ಇದಕ್ಕಿಂತ ಜಾಸ್ತಿ ಬರುತ್ತದೆ. ಒಂದು ಕಾಲಮ್‌ನಲ್ಲಿ ಇದು, ಪಕ್ಕದ ಕಾಲಮ್‌ನಲ್ಲಿ ಅದು ಹಾಕಿದರೆ ಹೋಲಿಕೆಯೇ ಕೆಡುತ್ತದೆ.

ಶೀಟ್ ಕೈಕೊಡೋದು ಹಂಚಿಕೊಳ್ಳುವಾಗ. ವಾಟ್ಸ್ಯಾಪ್‌ನಲ್ಲಿ "ಫೈನಲ್", "ಫೈನಲ್ 2", "ಫೈನಲ್ ಸರ್ ನೋಡಿದ್ದು" ಅಂತ ಓಡಾಡುತ್ತದೆ. ಯಾರೋ ಒಂದು ಸೆಲ್ ತಿದ್ದುತ್ತಾರೆ, ಗುರುತು ಉಳಿಯೋದಿಲ್ಲ. ಜೊತೆಗೆ ಕರೆಂಟಿನ ಅಂಕಿ ಬದಲಿಸಿದಿರಿ ಸರಿ. ಆ ಕರೆಂಟಿನಿಂದ ಮಾಡಿದ ಉಕ್ಕು, ಆ ಉಕ್ಕಿನಿಂದ ಮಾಡಿದ ಯಂತ್ರ ಹಳೆಯದಾಗಿಯೇ ಉಳಿಯಿತಲ್ವಾ? ಕೊಂಡಿ ಒಂದಕ್ಕೊಂದು ಬೆಸೆದಿರುವ ವಸ್ತುಗಳಿಗೆ ಶೀಟ್ ಸಾಲದು. ಬ್ಯಾಟರಿ, ಸೋಲಾರ್ ಪ್ಯಾನೆಲ್, ಹಸಿರು ಹೈಡ್ರೋಜನ್ ಇಂಥವು.

ಪ್ರೆಮಿಸ್

ಈ ಕೊಂಡಿಯ ಕೆಲಸವನ್ನು ತಾನೇ ಮಾಡುವ ಪೈಥಾನ್ ಸಾಧನ ಇದು. ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯಲ್ಲಿ ಹುಟ್ಟಿದ್ದು, 2022ರಲ್ಲಿ ಇದರ ಪ್ರಬಂಧ ಬಂತು. ಸಾಧನ ಉಚಿತ, ಕೋಡ್ ತೆರೆದಿದೆ. ನೀವು ಎಕೋಇನ್ವೆಂಟ್ ಕೊಡಬೇಕು, ಒಂದು ಸನ್ನಿವೇಶ ಮತ್ತು ವರ್ಷ ಹೇಳಬೇಕು. ಅದು ಕರೆಂಟು, ಉಕ್ಕು, ಸಿಮೆಂಟು, ಇಂಧನ, ಸಾಗಾಟ ಎಲ್ಲವನ್ನೂ ಆ ವರ್ಷಕ್ಕೆ ತಕ್ಕಂತೆ ತಿದ್ದಿ "2040ರ ಎಕೋಇನ್ವೆಂಟ್" ಅಂತ ಒಂದು ಹೊಸ ಕೋಶ ಕಟ್ಟಿಕೊಡುತ್ತದೆ. ಸನ್ನಿವೇಶಗಳು ಜರ್ಮನಿಯ ಪಾಟ್ಸ್‌ಡ್ಯಾಮ್‌ನ ರಿಮೈಂಡ್, ನೆದರ್‌ಲ್ಯಾಂಡ್ಸ್‌ನ ಇಮೇಜ್ ತರಹದ ಜಾಗತಿಕ ಮಾದರಿಗಳಿಂದ ಬರುತ್ತವೆ, ಅಂದರೆ ಜಗತ್ತಿನ ಇಂಧನ, ಆರ್ಥಿಕತೆ ಮುಂದೆ ಹೇಗೆ ಸಾಗಬಹುದು ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿಂದ. ಆ ಮಾದರಿಯ ಫೈಲುಗಳಿಗೆ ಬೀಗ ಹಾಕಿರುತ್ತಾರೆ. ತೆರೆಯಲು ಕೀ ಬೇಕು.

ಒಳ್ಳೆಯದೇನು ಅಂದರೆ, ಕರೆಂಟು ಬದಲಾದಾಗ ಉಕ್ಕೂ ಬದಲಾಗುತ್ತದೆ, ಉಕ್ಕು ಬದಲಾದಾಗ ಗಾಳಿಯಂತ್ರವೂ ಬದಲಾಗುತ್ತದೆ. ಕೈಯಿಂದ ಇದನ್ನು ಮಾಡೋಕೆ ಆಗೋದಿಲ್ಲ. ಜಗತ್ತಿನಾದ್ಯಂತ ಸಂಶೋಧಕರು ಇದನ್ನೇ ಬಳಸೋದರಿಂದ ನಿಮ್ಮ ಪ್ರಬಂಧ ಓದುವವರಿಗೆ ವಿವರಿಸೋದೂ ಸಲೀಸು.

ಈಗ ತೊಂದರೆಗೆ ಬರೋಣ. ರಿಮೈಂಡ್‌ನಲ್ಲಿ ಇಡೀ ಭಾರತ ಒಂದೇ ಪ್ರದೇಶ. ಇಮೇಜ್‌ನಲ್ಲೂ ಅಷ್ಟೇ. ಪ್ರೆಮಿಸ್ ತನ್ನ ಕೆಲಸ ಮಾಡುವಾಗ ಎಕೋಇನ್ವೆಂಟ್‌ನೊಳಗಿನ ಸಣ್ಣ ಸಣ್ಣ ವಿದ್ಯುತ್ ಮಾರುಕಟ್ಟೆಗಳನ್ನು ಆ ದೊಡ್ಡ ಪ್ರದೇಶದ ಮಾರುಕಟ್ಟೆಗೆ ಜೋಡಿಸಿಬಿಡುತ್ತದೆ. ಅಂದರೆ ಕೊಪ್ಪಳದ ಗಾಳಿ, ಪಾವಗಡದ ಬಿಸಿಲು, ಜಾರ್ಖಂಡಿನ ಕಲ್ಲಿದ್ದಲು ಎಲ್ಲ ಒಂದೇ ಹಂಡೆಯಲ್ಲಿ. ಕರ್ನಾಟಕದ ಗ್ರಿಡ್ ದೇಶದ ಸರಾಸರಿಗಿಂತ ಬೇರೆ, ಗಾಳಿ, ಬಿಸಿಲು ಮತ್ತು ಶರಾವತಿಯಂಥ ನೀರಿನ ಪಾಲು ಇಲ್ಲಿ ಜಾಸ್ತಿ. ಆ ವ್ಯತ್ಯಾಸ ನಿಮ್ಮ ವಾದಕ್ಕೆ ಮುಖ್ಯವಾದರೆ ಪ್ರೆಮಿಸ್ ಕೊಟ್ಟದ್ದನ್ನು ಹಾಗೇ ತಗೋಬೇಡಿ. ದೇಶದ ಮಾರುಕಟ್ಟೆಗೆ ಮಾರುವ ವಸ್ತುವಾದರೆ ಪರವಾಗಿಲ್ಲ, ಸರಾಸರಿಯೇ ಸರಿ.

ಎರಡನೆಯದು ಲ್ಯಾಪ್‌ಟಾಪ್. ನನ್ನದು 8 ಜಿಬಿ. ಮೂರು ಸನ್ನಿವೇಶ, ಮೂರು ವರ್ಷ ಅಂತ ಒಂಬತ್ತು ಕೋಶ ಕಟ್ಟಲು ಹಾಕಿದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ. ಫ್ಯಾನ್ ಕಿರುಚಿತು, ಪರದೆ ಹೆಪ್ಪುಗಟ್ಟಿತು, ಅಷ್ಟರಲ್ಲಿ ಕರೆಂಟೂ ಹೋಯಿತು. ಆಮೇಲೆ ಒಂದೊಂದೇ ಕೋಶವನ್ನು ರಾತ್ರಿ ಹೊತ್ತು ಕಟ್ಟಿದೆ. 16 ಜಿಬಿ ಇದ್ದರೆ ನೆಮ್ಮದಿ.

ಮೂರನೆಯದು ಆವೃತ್ತಿ. ಸಾಧನ ಬೇಗಬೇಗ ಬದಲಾಗುತ್ತದೆ, ಸನ್ನಿವೇಶಗಳ ಹೆಸರೇ ಬದಲಾದದ್ದುಂಟು. ಇಬ್ಬರು "ಪ್ರೆಮಿಸ್‌ನಲ್ಲಿ ಮಾಡಿದೆವು" ಅಂದರೆ ಒಂದೇ ಲೆಕ್ಕ ಅಂತ ತಿಳಿಯಬೇಡಿ. ಪ್ರೆಮಿಸ್ ಆವೃತ್ತಿ, ಎಕೋಇನ್ವೆಂಟ್ ಆವೃತ್ತಿ, ಮಾದರಿ, ಸನ್ನಿವೇಶ, ವರ್ಷ, ಈ ಐದೂ ಬರೆದಿಟ್ಟರೆ ಮಾತ್ರ ಹಂಚಿಕೊಂಡ ಹಾಗೆ.

ಆಕ್ಟಿವಿಟಿ ಬ್ರೌಸರ್ ಮತ್ತು ವ್ಯತ್ಯಾಸದ ಫೈಲು

ಕೋಡ್ ಅಂದರೆ ಹಿಂಜರಿಯುವವರಿಗೆ ಇದು. ಬ್ರೈಟ್‌ವೇ ಅನ್ನೋದು ಪೈಥಾನ್‌ನ ಎಲ್‌ಸಿಎ ಎಂಜಿನ್, ಅದಕ್ಕೆ ಗುಂಡಿ, ಕಿಟಕಿ ಇರುವ ಮುಖ ಕೊಟ್ಟದ್ದು ಆಕ್ಟಿವಿಟಿ ಬ್ರೌಸರ್. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಬೆಳೆದದ್ದು, ಉಚಿತ. 2021ರಲ್ಲಿ ಅಲ್ಲಿಯವರು ಒಂದು ಜಾಣ ಉಪಾಯ ಮಾಡಿದರು. ಸನ್ನಿವೇಶಕ್ಕೊಂದು ಕೋಶ ಬೇಡ. ಒಂದೇ ದೊಡ್ಡ ಕೋಶ ಇರಲಿ, ಪಕ್ಕದಲ್ಲಿ ಒಂದು ಟೇಬಲ್ ಇರಲಿ, ಅದೇ ವ್ಯತ್ಯಾಸದ ಫೈಲು. ಟೇಬಲ್‌ನ ಒಂದೊಂದು ಸಾಲು ಒಂದೊಂದು ಕೊಂಡಿ, ಎಲ್ಲಿಂದ ಎಲ್ಲಿಗೆ ಅಂತ. ಒಂದೊಂದು ಕಾಲಮ್ ಒಂದೊಂದು ಸನ್ನಿವೇಶ. ಕಾಲಮ್ ಬದಲಿಸಿದರೆ ಇಡೀ ಜಗತ್ತು ಬದಲಾಗುತ್ತದೆ.

ನಾವು ತರಗತಿಯಲ್ಲಿ ಇದನ್ನು ತೋರಿಸಿದಾಗ ಹುಡುಗರು ಬೇಗ ಹಿಡಿದರು. ಏಳು ಸಾಲಿನ ಒಂದು ಫೈಲು ನಾವೇ ಬರೆದೆವು. ಕಲ್ಲಿದ್ದಲಿನಿಂದ ಗ್ರಿಡ್‌ಗೆ, ಗಾಳಿಯಿಂದ ಗ್ರಿಡ್‌ಗೆ, ಬಿಸಿಲಿನಿಂದ ಗ್ರಿಡ್‌ಗೆ ಹೀಗೆ. ಒಂದು ಕಾಲಮ್ "ಆರ್‌ಟಿಪಿಎಸ್ ಹಳೆಯ ಘಟಕಗಳು ಓಡುತ್ತವೆ", ಇನ್ನೊಂದು "ನಿಲ್ಲುತ್ತವೆ". ಶಕ್ತಿನಗರದ ಮೊದಲ ಘಟಕ 1985ರದ್ದು, 210 ಮೆಗಾವಾಟ್‌ನವು ಏಳು ಇವೆ. ಯಾವ ವರ್ಷ ಯಾವುದು ನಿಲ್ಲುತ್ತದೆ ಅನ್ನುವ ಜಗಳ ಅರ್ಧ ಗಂಟೆ ನಡೆಯಿತು. ನನಗೆ ಬೇಕಿದ್ದದ್ದೂ ಆ ಜಗಳವೇ. ಊಹೆ ಎದುರಿಗೆ ಬಂದು ಕೂತಿತು.

ಆದರೆ ಪ್ರೆಮಿಸ್‌ನಿಂದ ಬರುವ ವ್ಯತ್ಯಾಸದ ಫೈಲು ಏಳು ಸಾಲಿನದ್ದಲ್ಲ. ಸಾವಿರಾರು ಸಾಲು. ಏನು ಬದಲಾಯಿತು ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳೋದಿಲ್ಲ. ಎಕ್ಸೆಲ್ ತೆರೆಯಲು ಒದ್ದಾಡುತ್ತದೆ. ಇನ್ನೊಂದು, ಅದರೊಳಗೆ ಎಕೋಇನ್ವೆಂಟ್‌ನ ಅಂಕಿಗಳೂ ಸೇರಿರಬಹುದು. ಎಲ್ಲರಿಗೂ ಸಿಗುವ ಕಡೆ ಹಾಕುವ ಮೊದಲು ಲೈಸೆನ್ಸ್ ಓದಿ.

ನಮ್ಮದೇ ಸನ್ನಿವೇಶದ ಪ್ಯಾಕೇಜ್, ಜೊತೆಗೆ ಅನ್‌ಫೋಲ್ಡ್

ನನ್ನ ಒಲವು ಈ ಕಡೆ, ಮುಚ್ಚಿಡೋದಿಲ್ಲ. ಪ್ರೆಮಿಸ್‌ಗೆ ಹೊರಗಿನಿಂದ ನಿಮ್ಮದೇ ಸನ್ನಿವೇಶ ಕೊಡಬಹುದು. ಅದು ಒಂದು ಫೋಲ್ಡರ್ ಅಷ್ಟೇ. ಅದರಲ್ಲಿ ನಾಲ್ಕು ವಸ್ತು. ಏನೇನಿದೆ ಅಂತ ಹೇಳುವ ಒಂದು ಸಣ್ಣ ವಿವರ ಫೈಲು. ವರ್ಷವಾರು ಅಂಕಿಗಳ ಒಂದು ಟೇಬಲ್, ಅದರಲ್ಲಿ ಮಾದರಿ, ಸನ್ನಿವೇಶ, ಪ್ರದೇಶ, ಯಾವ ಅಂಕಿ, ಅದರ ಅಳತೆ, ಆಮೇಲೆ 2025, 2030, 2035 ಅಂತ ಕಾಲಮ್‌ಗಳು. ಹೊಸ ಪ್ರಕ್ರಿಯೆಗಳಿದ್ದರೆ ಅವುಗಳ ಪಟ್ಟಿ. ಕೊನೆಗೆ ಯಾವ ಅಂಕಿ ಯಾವ ಮಾರುಕಟ್ಟೆಗೆ ಹೋಗಿ ಕೂರಬೇಕು, ಯಾವುದನ್ನು ತೆಗೆದು ಆ ಜಾಗಕ್ಕೆ ಬರಬೇಕು ಅಂತ ಹೇಳುವ ಒಂದು ಯಾಮಲ್ ಫೈಲು, ಅಂದರೆ ಸಾಲುಸಾಲಾಗಿ ಸೂಚನೆ ಬರೆದಿಡುವ ಸಾದಾ ಬರಹದ ಫೈಲು.

ಇಲ್ಲಿ ಕರ್ನಾಟಕದ ವಿದ್ಯುತ್ ಮಾರುಕಟ್ಟೆಯನ್ನು ನೀವೇ ಕಟ್ಟಬಹುದು. ಮೇಲೆ ಹೇಳಿದ ಹಂಡೆಯಿಂದ ನಮ್ಮ ಪಾಲನ್ನು ಬೇರೆ ತೆಗೆದ ಹಾಗೆ. ಮುಖ್ಯವಾಗಿ, ನಿಮ್ಮ ಅಂಕಿಗಳು ನಿಮ್ಮವೇ. ಎಕೋಇನ್ವೆಂಟ್‌ನಿಂದ ನಕಲು ಮಾಡಿದ ಪ್ರಕ್ರಿಯೆ ಅದರೊಳಗೆ ಇಲ್ಲದಿದ್ದರೆ ಧೈರ್ಯವಾಗಿ ಹಂಚಬಹುದು. ಟೇಬಲ್ ಸಣ್ಣದು, ಫೈಲಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟರೆ ಯಾರು ಯಾವಾಗ ಯಾವ ಅಂಕಿ ತಿದ್ದಿದರು ಅಂತ ಸಾಲುಸಾಲಾಗಿ ಕಾಣುತ್ತದೆ. ನಮ್ಮ 0.5 ಇಲ್ಲಿದ್ದಿದ್ದರೆ ಅದರ ಪಕ್ಕದ ಅಳತೆ ಕಾಲಮ್‌ನಲ್ಲಿ ಏನು ಬರೆಯೋದು ಅಂತ ಗೆಳೆಯ ಒಂದು ಕ್ಷಣ ನಿಲ್ಲಲೇಬೇಕಿತ್ತು.

ಕಟ್ಟಿದ ಕೋಶವನ್ನೇ ಹಂಚಬೇಕಾದರೆ ಅನ್‌ಫೋಲ್ಡ್ ಇದೆ. ಅದೂ ಉಚಿತ, ಅದೂ ಪೈಥಾನ್. ಹೊಸ ಕೋಶಕ್ಕೂ ಮೂಲ ಎಕೋಇನ್ವೆಂಟ್‌ಗೂ ಇರುವ ವ್ಯತ್ಯಾಸವನ್ನು ಮಾತ್ರ ಮಡಚಿ ಒಂದು ಜಿಪ್ ಮಾಡುತ್ತದೆ. ಪಡೆದವರ ಹತ್ತಿರ ಅದೇ ಆವೃತ್ತಿಯ ಎಕೋಇನ್ವೆಂಟ್ ಇದ್ದರೆ ಬಿಚ್ಚಿಕೊಂಡು ಪೂರ್ತಿ ಕೋಶ ಕಟ್ಟಿಕೊಳ್ಳಬಹುದು. ಇಲ್ಲದಿದ್ದರೆ ಬಿಚ್ಚೋಕೆ ಆಗೋದಿಲ್ಲ. ಲೈಸೆನ್ಸ್ ಮುರಿಯದೆ ಹಂಚಲು ಇದಕ್ಕಿಂತ ಅಚ್ಚುಕಟ್ಟಾದ ದಾರಿ ನಾನು ಕಂಡಿಲ್ಲ.

ಕಷ್ಟ ಏನು? ಯಾಮಲ್. ಒಂದು ಸಾಲಿನ ಮುಂದೆ ಎರಡು ಸ್ಪೇಸ್ ಹೆಚ್ಚಾದರೆ ಇಡೀ ಫೈಲು ಓಡೋದಿಲ್ಲ, ತಪ್ಪು ಎಲ್ಲಿ ಅಂತ ಹೇಳುವ ಸಂದೇಶವೋ, ಅದನ್ನು ಓದಲು ಇನ್ನೊಬ್ಬ ಬೇಕು. ಮೊದಲ ಪ್ಯಾಕೇಜ್‌ಗೆ ನಮಗೆ ಆರು ವಾರ ಹಿಡಿಯಿತು. ಎರಡನೆಯದಕ್ಕೆ ನಾಲ್ಕು ದಿನ. ಗುಂಪಿನಲ್ಲಿ ಪೈಥಾನ್ ಬರುವವರು ಒಬ್ಬರಾದರೂ ಬೇಕು. ಆ ಒಬ್ಬರು ಬೆಂಗಳೂರಿಗೆ ಕೆಲಸ ಸಿಕ್ಕಿ ಹೋದರೆ? ಆದ್ದರಿಂದ ಇಬ್ಬರಿಗೆ ಕಲಿಸಿ.

ಓಪನ್‌ಎಲ್‌ಸಿಎ ಮತ್ತು ಉಳಿದವು

ಬರ್ಲಿನ್‌ನ ಗ್ರೀನ್‌ಡೆಲ್ಟಾ ಮಾಡಿದ ಓಪನ್‌ಎಲ್‌ಸಿಎ ಉಚಿತ, ಗುಂಡಿ ಒತ್ತಿ ಮಾಡಬಹುದು, ಇಲ್ಲಿನ ಕಾಲೇಜುಗಳಲ್ಲಿ ಎಲ್‌ಸಿಎ ಕಲಿಸಲು ನನಗೆ ಇದೇ ಸಲೀಸು. ಎಕೋಇನ್ವೆಂಟ್ ಇಲ್ಲದೆಯೂ ಬಳಸಬಹುದು, ಉಚಿತ ಕೋಶಗಳು ಕೆಲವಿವೆ, ಆದರೆ ಅವು ಹೆಚ್ಚಾಗಿ ಅಮೆರಿಕ, ಯುರೋಪಿನವು. ಇದರಲ್ಲಿ ಪ್ಯಾರಾಮೀಟರ್ ಅಂತ ಇಡಬಹುದು: ಕಲ್ಲಿದ್ದಲಿನ ಪಾಲು ಇಷ್ಟು, ಗಾಳಿಯದ್ದು ಇಷ್ಟು. ಅದನ್ನು ಬದಲಿಸಿ ಎರಡು ಮೂರು ಸನ್ನಿವೇಶ ಪಕ್ಕಪಕ್ಕ ಹೋಲಿಸಬಹುದು. ಪ್ಯಾರಾಮೀಟರ್‌ಗೆ ವಿವರಣೆ ಬರೆಯುವ ಜಾಗವೂ ಇದೆ, ಯಾರೂ ಬರೆಯೋದಿಲ್ಲ ಅಷ್ಟೇ. ಪ್ರೆಮಿಸ್ ಕಟ್ಟಿದ ಕೋಶವನ್ನು ಓಪನ್‌ಎಲ್‌ಸಿಎಗೂ, ದುಡ್ಡು ಕೊಟ್ಟು ತಗೊಳ್ಳುವ ಎಲ್‌ಸಿಎ ಸಾಫ್ಟ್‌ವೇರ್ ಸಿಮಾಪ್ರೊಗೂ ಕಳಿಸಬಹುದು, ಆದ್ದರಿಂದ ಒಬ್ಬರು ಪೈಥಾನ್‌ನಲ್ಲಿ ಕಟ್ಟಿ ಉಳಿದವರು ಇಲ್ಲಿ ಬಳಸುವ ಏರ್ಪಾಡೂ ಆಗುತ್ತದೆ, ಎಲ್ಲರ ಬಳಿ ಲೈಸೆನ್ಸ್ ಇದ್ದರೆ.

ಫ್ಯೂಚುರಾ ಅಂತ ಇನ್ನೊಂದಿದೆ. ಬದಲಾವಣೆಗಳನ್ನು ಅಡುಗೆಯ ಪಟ್ಟಿಯ ಹಾಗೆ ಬರೆದಿಟ್ಟು ಆ ಪಟ್ಟಿಯನ್ನಷ್ಟೇ ಹಂಚುವ ಆಲೋಚನೆ ನನಗೆ ತುಂಬಾ ಹಿಡಿಸಿತು. ಆದರೆ ನಾನು ದಿನನಿತ್ಯ ಬಳಸಿದ್ದಲ್ಲ, ಹೆಚ್ಚು ಹೇಳಲಾರೆ. ಯಾರೋ ಕಟ್ಟಿದ ಪೂರ್ತಿ ಕೋಶವನ್ನು ಪೆನ್‌ಡ್ರೈವ್‌ನಲ್ಲಿ ತಗೊಳ್ಳೋದು, ಇದೂ ಒಂದು ದಾರಿ ಅಂತ ಕೇಳುತ್ತಾರೆ. ಬೇಡ. ಲೈಸೆನ್ಸ್ ಮಾತು ಹಾಗಿರಲಿ, ಅದರೊಳಗೆ ಏನಿದೆ ಅಂತ ಕೊಟ್ಟವನಿಗೂ ಗೊತ್ತಿರೋದಿಲ್ಲ.

ಹಾಗಾದರೆ ಯಾರಿಗೆ ಯಾವುದು

ರೈಸ್‌ಮಿಲ್, ಜಿನ್ನಿಂಗ್ ಮಿಲ್, ವಾಷಿಂಗ್ ಯೂನಿಟ್‌ನವರು: ದುಡ್ಡು ಖರ್ಚು ಮಾಡಬೇಡಿ. ಶೀಟ್ ಸಾಕು. ಆದರೆ ಮೂರು ಕಾಲಮ್ ಕಡ್ಡಾಯ: ಅಳತೆ, ಎಲ್ಲಿಂದ ತಂದದ್ದು, ಯಾರು ಹಾಕಿದ್ದು. ಗೂಗಲ್ ಶೀಟ್ ಆದರೆ ಹಳೆಯ ಬದಲಾವಣೆ ನೋಡುವ ಸೌಲಭ್ಯ ಇದೆ, ವಾಟ್ಸ್ಯಾಪ್ ಫೈಲಿಗಿಂತ ಅದು ಎಷ್ಟೋ ವಾಸಿ.

ಎಂ.ಟೆಕ್, ಪಿಎಚ್.ಡಿ ಮಾಡುವವರು ಮೊದಲು ಕಾಲೇಜಿನಲ್ಲಿ ಎಕೋಇನ್ವೆಂಟ್ ಲೈಸೆನ್ಸ್ ಇದೆಯಾ ಅಂತ ಕೇಳಿ. ಇದ್ದರೆ ಆಕ್ಟಿವಿಟಿ ಬ್ರೌಸರ್‌ನಲ್ಲಿ ಕೈ ಪಳಗಿಸಿ, ಆಮೇಲೆ ಪ್ರೆಮಿಸ್‌ಗೆ ಹೋಗಿ. ನೇರ ಪ್ರೆಮಿಸ್‌ಗೆ ಹಾರಿದವರು ಅಂಕಿ ಎಲ್ಲಿಂದ ಬಂತು ಅಂತ ಕೇಳಿದರೆ ತಡವರಿಸುತ್ತಾರೆ, ವೈವಾದಲ್ಲಿ ಅದನ್ನೇ ಕೇಳುತ್ತಾರೆ. ಲೈಸೆನ್ಸ್ ಇಲ್ಲದಿದ್ದರೆ ಓಪನ್‌ಎಲ್‌ಸಿಎ ಮತ್ತು ಪ್ಯಾರಾಮೀಟರ್. ಭತ್ತ, ಹತ್ತಿ, ತೊಗರಿ ಓದುತ್ತಿದ್ದರೆ ನಿಮ್ಮ ದುಡಿಮೆ ಹೊಲದ ಸನ್ನಿವೇಶಕ್ಕೆ ಹೋಗಲಿ, ಗ್ರಿಡ್‌ಗೆ ಎರಡು ಅಂಕಿ ಸಾಕು.

ಉಕ್ಕಿನವರ ಕಥೆ ಬೇರೆ. ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿನ ವರ್ಗೀಕರಣ ತಂದಿದೆ. ಒಂದು ಟನ್ ಸಿದ್ಧ ಉಕ್ಕಿಗೆ 2.2 ಟನ್ ಕಾರ್ಬನ್‌ಗಿಂತ ಕಡಿಮೆ ಇದ್ದರೆ ಮಾತ್ರ ಹಸಿರು, 1.6ಕ್ಕಿಂತ ಕಡಿಮೆ ಇದ್ದರೆ ಐದು ಸ್ಟಾರ್. ಯುರೋಪಿಗೆ ಕಳಿಸುವವರಿಗೆ 2026ರ ಜನವರಿಯಿಂದ ಗಡಿಯ ಕಾರ್ಬನ್ ಶುಲ್ಕದ ವ್ಯವಸ್ಥೆ ಪೂರ್ತಿ ಜಾರಿ. ಇವೆರಡೂ ಇವತ್ತಿನ ಅಳತೆ ಕೇಳುತ್ತವೆ, 2040ರದ್ದಲ್ಲ. ಅದಕ್ಕೆ ಮುನ್ನೋಟದ ಸಾಧನ ಬೇಡ, ಮೀಟರ್ ಬೇಕು. ಆದರೆ ಹೊಸ ಗೂಡು ಹಾಕೋದಾ, ಸ್ಕ್ರ್ಯಾಪ್ ಕಡೆ ಹೋಗೋದಾ, ಹೈಡ್ರೋಜನ್‌ಗೆ ಕಾಯೋದಾ ಅಂತ ಇಪ್ಪತ್ತು ವರ್ಷದ ನಿರ್ಧಾರ ಮಾಡುವವರಿಗೆ ಪ್ರೆಮಿಸ್ ಜೊತೆ ನಿಮ್ಮದೇ ಪ್ಯಾಕೇಜ್ ಬೇಕೇ ಬೇಕು. ದೇಶದ ಸರಾಸರಿ ಉಕ್ಕಿನ ಚಿತ್ರದಲ್ಲಿ ನಮ್ಮ ಸುತ್ತಲಿನ ಕಲ್ಲಿದ್ದಲಿನ ಸ್ಪಂಜ್ ಐರನ್ ಗೂಡುಗಳು ಸರಿಯಾಗಿ ಕೂತಿವೆಯಾ ಅಂತ ಮೊದಲು ತೆರೆದು ನೋಡಿ. ಇಲ್ಲಿ ಲೈಸೆನ್ಸ್ ಖರ್ಚು ನಿಮಗೆ ಲೆಕ್ಕಕ್ಕೇ ಬರೋದಿಲ್ಲ, ಒಬ್ಬ ಒಳ್ಳೆಯ ಹುಡುಗನನ್ನು ಉಳಿಸಿಕೊಳ್ಳೋದೇ ದೊಡ್ಡ ಖರ್ಚು.

ಮೂರು ಜಿಲ್ಲೆಯ ಕಾಲೇಜುಗಳು ಸೇರಿ ಒಂದೇ ಕಡೆ ಇಡುತ್ತೇವೆ ಅನ್ನುವವರಿಗೆ ನನ್ನ ಮತ ಸ್ಪಷ್ಟ: ಗಿಟ್‌ನಲ್ಲಿ ಸನ್ನಿವೇಶದ ಪ್ಯಾಕೇಜ್. ಆರು ವಾರ ಹೋಗುತ್ತದೆ, ಹೋಗಲಿ. ಕರ್ನಾಟಕದ ಗ್ರಿಡ್ ಒಂದು, ತುಂಗಭದ್ರಾ ಅಚ್ಚುಕಟ್ಟಿನ ಭತ್ತ ಒಂದು, ಸ್ಪಂಜ್ ಐರನ್ ಒಂದು, ಈ ಮೂರರಿಂದ ಶುರು ಮಾಡಿ. ಎಲ್ಲ ಅಂಕಿಯೂ ಒಂದೇ ಸಲಕ್ಕೆ ಬೇಕು ಅಂತ ಹೊರಟರೆ ಯಾವುದೂ ಆಗೋದಿಲ್ಲ.

ನಾವಿಬ್ಬರೂ ಈಗ ಹಾಗೇ ಮಾಡಿದ್ದೇವೆ. ಗ್ರಿಡ್ ಟೇಬಲ್‌ನ ಮೊದಲ ಸಾಲನ್ನು ಗೆಳೆಯನೇ ಬರೆದ. ಅಳತೆಯ ಕಾಲಮ್‌ನಲ್ಲಿ "ಉತ್ಪಾದನೆಯಾದ ಯೂನಿಟ್‌ಗಳ ಪಾಲು, ಸಾಮರ್ಥ್ಯದ್ದಲ್ಲ" ಅಂತ ಹಾಕಿ, ಅದರ ಪಕ್ಕ ತನ್ನ ಹೆಸರನ್ನೂ ಹಾಕಿದ. ಆಮೇಲೆ ತಿದ್ದಿದ ಒಂದೇ ಹಾಳೆ ಹಿಡಿದು ವಾಷಿಂಗ್ ಯೂನಿಟ್‌ಗೆ ಹೋದೆವು. ಯಜಮಾನರು ಕರೆಂಟಿನ ಸಾಲು ದಾಟಿ ಕೆಳಗೆ ಬೆರಳು ಇಳಿಸಿದರು. ಬಾಯ್ಲರ್‌ಗೆ ಹಾಕುವ ಇಂಧನದ ಅಂಕಿ ಅದಕ್ಕಿಂತ ದೊಡ್ಡದಿತ್ತು, 2035ರ ಕಾಲಮ್‌ನಲ್ಲೂ ಅಷ್ಟೇ ಇತ್ತು. "ಇದು ಇಳಿಯೋದೇ ಇಲ್ಲಲ್ರೀ?" ಅಂದರು. ನೀವು ಬದಲಿಸಿದರೆ ಇಳಿಯುತ್ತದೆ ಅಂದೆ. ಬೀಗದ ಕೈ ತಗೊಂಡು ಎದ್ದರು. "ಬರ್ರಿ ಹಂಗಾದ್ರ, ಬಾಯ್ಲರ್ ನೋಡೂಣು."